ಕಪಾಟಿನ ಹೊಳಪಿನ ಹಿಂದೆ ಏನಿದೆ?

ಹೊಸ ಮನೆಯ ಅಡುಗೆಮನೆಗೆ ಕಾಲಿಟ್ಟೊಡನೆ ಎಲ್ಲರೂ ಮೆಚ್ಚುವುದು ಕಪಾಟುಗಳ ಬಣ್ಣ ಮತ್ತು ಹೊಳಪನ್ನು. ಬಾಗಿಲು ತೆರೆದಾಗ ಮೂಗಿಗೆ ಬಡಿಯುವ ಘಾಟನ್ನು 'ಹೊಸದರ ವಾಸನೆ' ಎಂದು ಮರೆತುಬಿಡುತ್ತಾರೆ. ಆಮೇಲೆ ಮನೆಮಂದಿಗೆ ಕಣ್ಣುರಿ, ಗಂಟಲು ಕೆರೆತ, ಒಣಕೆಮ್ಮು ಕಾಣಿಸಿಕೊಂಡರೆ ದೂರುವುದು ಹವೆಯನ್ನು ಅಥವಾ ಧೂಳನ್ನು, ಕಪಾಟನ್ನಲ್ಲ.

ಹಿಂದೆ ಕಪಾಟು ಎಂದರೆ ತೇಗ, ಹೊನ್ನೆ, ಹಲಸಿನ ಹಲಗೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಪ್ಲೈವುಡ್, ಪಾರ್ಟಿಕಲ್ ಬೋರ್ಡ್ ಮತ್ತು ಎಂ.ಡಿ.ಎಫ್. ಮರದ ಪದರ, ಚೂರು ಅಥವಾ ನಾರನ್ನು ಅಂಟಿನಿಂದ ಬೆಸೆದು ಇವನ್ನು ತಯಾರಿಸುತ್ತಾರೆ. ಅಗ್ಗದ ಹಲಗೆಗಳಲ್ಲಿರುವುದು ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ತೇವ ಮತ್ತು ಶಾಖ ತಗುಲಿದಂತೆ ಈ ಅಂಟು ಸ್ವಲ್ಪಸ್ವಲ್ಪವಾಗಿ ಒಡೆದು ಫಾರ್ಮಾಲ್ಡಿಹೈಡ್ ಅನಿಲವನ್ನು ಹೊರಬಿಡುತ್ತದೆ. ತೇವ, ಶಾಖ ಎರಡೂ ಇರುವ ಜಾಗವೇ ನಮ್ಮ ಅಡುಗೆಮನೆ!

ಗಾಬರಿ ಬೇಡ, ಆದರೆ ಉದಾಸೀನವೂ ಸಲ್ಲದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಈ ಅನಿಲವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು. ಮನೆಗಳಲ್ಲಿ ಮೊದಲು ಕಾಣುವ ತೊಂದರೆ ಕಣ್ಣು, ಮೂಗು, ಗಂಟಲಿನ ಉರಿ. ಉಬ್ಬಸದವರಿಗೆ ಅದು ಇನ್ನೂ ಹೆಚ್ಚು. 2005ರ ಕತ್ರೀನಾ ಚಂಡಮಾರುತದ ನಂತರ ಅಮೆರಿಕ ಸರ್ಕಾರ ಸಂತ್ರಸ್ತರಿಗೆ ಟ್ರೇಲರ್ ಮನೆಗಳನ್ನು ನೀಡಿತ್ತು. ಅಂಥ 519 ಮನೆಗಳ ಗಾಳಿಯಲ್ಲಿ ಈ ಅನಿಲ ಸಾಮಾನ್ಯ ಮನೆಗಳಿಗಿಂತ ಹೆಚ್ಚಾಗಿದೆಯೆಂದು 2008ರಲ್ಲಿ ಪ್ರಕಟವಾಯಿತು. 2010ರಲ್ಲಿ ಆ ದೇಶ ಇಂಥ ಹಲಗೆಗಳಿಗೆ ಕಾನೂನಿನ ಮಿತಿ ಹಾಕಿತು.

ಹಾಗಾದರೆ ನೀವೇನು ಮಾಡಬೇಕು? ಲ್ಯಾಮಿನೇಟಿನ ಬಣ್ಣ ಆರಿಸುವ ಮೊದಲು ಒಳಗಿನ ಹಲಗೆ ಯಾವುದೆಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಸಿಂಕಿನ ಕೆಳಗೆ ಮತ್ತು ಬಚ್ಚಲುಮನೆಗೆ ಐ.ಎಸ್. 710 ಗುರುತಿನ ಪ್ಲೈವುಡ್ ಇರಲಿ. 72 ಗಂಟೆ ಕುದಿಯುವ ನೀರಿನ ಪರೀಕ್ಷೆ ತಾಳಬೇಕಾದ ಹಲಗೆಯಿದು. ಇದರ ಫೀನಾಲ್ ಅಂಟು ಬಿಡುವ ಅನಿಲವೂ ಬಹಳ ಕಡಿಮೆ. ಪಾರ್ಟಿಕಲ್ ಬೋರ್ಡ್, ಎಂ.ಡಿ.ಎಫ್. ಕೊಳ್ಳುವುದಾದರೆ ಕಡಿಮೆ ಅನಿಲ ಬಿಡುವ ಇ-1 ದರ್ಜೆಯದನ್ನೇ ಕೇಳಿ. ಕತ್ತರಿಸಿದ ಅಂಚು, ಕೊರೆದ ತೂತು, ಕಪಾಟಿನ ಹಿಂಬದಿ ಎಲ್ಲವನ್ನೂ ಮುಚ್ಚಿಸಿ. ನೀರು ಕುಡಿದು ಉಬ್ಬಿದ ಹಲಗೆಯಲ್ಲಿ ಬೂಷ್ಟು ಬೆಳೆಯುತ್ತದೆ, ಜಿರಲೆ ಸೇರುತ್ತದೆ. ಇವೆರಡೂ ಉಬ್ಬಸಕ್ಕೆ ಕಾರಣವಾಗಬಲ್ಲವು. ಕೆಲಸ ಮುಗಿದ ಮೇಲೆ ಕೆಲವು ವಾರ ಕಪಾಟಿನ ಬಾಗಿಲು, ಮನೆಯ ಕಿಟಕಿಗಳನ್ನು ತೆರೆದಿಟ್ಟು, ಬಳಿಕ ಎಳೆಮಕ್ಕಳೊಡನೆ ವಾಸಕ್ಕೆ ಹೋಗುವುದು ಒಳ್ಳೆಯದು.

'ಒಳ್ಳೆಯ ಹಲಗೆ ದುಬಾರಿಯಲ್ಲವೇ?' ಎಂದು ನೀವು ಕೇಳಬಹುದು. ನಿಜ. ಆದರೆ ಗೋಡೆಯ ತುಂಬ ಕಪಾಟು ಇರಲೇಬೇಕೆಂದು ಹೇಳಿದವರಾರು? ಅನಿಲ ಬಿಡದ, ನೀರಿಗೆ ಉಬ್ಬದ ಕಡಪ ಕಲ್ಲಿನ ಶೆಲ್ಫುಗಳು ನಮ್ಮಲ್ಲಿ ಹೊಸತೇನಲ್ಲ. ಅಗತ್ಯವಿದ್ದಷ್ಟೇ ಕಪಾಟು ಮಾಡಿಸಿ, ಉಳಿದ ಹಣವನ್ನು ಗುಣಮಟ್ಟಕ್ಕೆ ಹಾಕಿ.

ಬಡಗಿಯನ್ನೂ ಮರೆಯಬೇಡಿ. ಮರದ ಧೂಳು ಸಹ 1995ರಿಂದ ಅದೇ ಕ್ಯಾನ್ಸರ್‌ಕಾರಕ ಪಟ್ಟಿಯಲ್ಲಿದೆ. ಮುಚ್ಚಿದ ಕೋಣೆಯಲ್ಲಿ ಮುಖವಾಡವಿಲ್ಲದೆ ದಿನವಿಡೀ ಹಲಗೆ ಕೊಯ್ಯುವವರು ಅವರು. ನೂರು ಬಣ್ಣಗಳ ಮಾದರಿ ತೋರಿಸುವ ವ್ಯಾಪಾರಿ, ಒಳಗಿನ ಅಂಟು ಯಾವುದೆಂದು ಬರೆದುಕೊಡಲು ಹಿಂಜರಿದರೆ ಆ ಅಂಗಡಿಯಿಂದ ಎದ್ದು ಬನ್ನಿ. ಗಿರಾಕಿ ಕೇಳುವವರೆಗೆ ಮಾರುಕಟ್ಟೆ ತಾನಾಗಿ ಬಾಯಿ ಬಿಡುವುದಿಲ್ಲ.