ತಂಗಿಯ ಕೋಡಿಗೆ ಅಣ್ಣನ ಹೆಸರು

ಹೋದ ತಿಂಗಳು ಒಂದು ಸಂಜೆ ಆಫೀಸಿನಿಂದ ಟಿಳಕವಾಡಿಯ ರೂಮಿಗೆ ಬಂದು ಚಹಾಕ್ಕೆ ಇಟ್ಟಿದ್ದೆ ಅಷ್ಟೇ, ಖಾನಾಪುರದಿಂದ ತಂಗಿಯ ಫೋನು. “ಅಣ್ಣಾ, ನನ್ನ ಪ್ರಾಜೆಕ್ಟ್ ನೀನ ಮಾಡಿಕೊಟ್ಟೀ ಅಂತಾರೋ ನಮ್ಮ ಸರ್.” ದನಿ ನಡುಗುತ್ತಿತ್ತು.

ಆಗಿದ್ದಿಷ್ಟು. ಫೈನಲ್ ಇಯರ್ ರಿವ್ಯೂನಲ್ಲಿ ಗೈಡ್ ಗಿಟ್ ಲಾಗ್ ತೆಗೆಸಿದ್ದಾರೆ. 41 ಕಮಿಟ್, ಎಲ್ಲಕ್ಕೂ ಆಥರ್ ನಾನು! ಅವಳ ಹೆಸರು ಎಲ್ಲೂ ಇಲ್ಲ.

ಖಾನಾಪುರದ ಮನೆಯಲ್ಲಿರೋದು ನನ್ನ ಹಳೇ ಲ್ಯಾಪ್‌ಟಾಪ್. ವಾರವಿಡೀ ಅವಳದು, ಶನಿವಾರ-ರವಿವಾರ ನಾನು ಊರಿಗೆ ಹೋದಾಗ ನನ್ನದು. ಲಾಗಿನ್ ಒಂದೇ, ಪಾಸ್‌ವರ್ಡ್ ಅವ್ವನಿಗೂ ಗೊತ್ತು. ಕೊಂಡ ಹೊಸದರಲ್ಲಿ ಗಿಟ್‌ಗೆ ‘ಗ್ಲೋಬಲ್’ ಅಂತ ನನ್ನ ಹೆಸರು, ಈಮೇಲ್ ಕೊಟ್ಟು ಮರೆತೇಬಿಟ್ಟಿದ್ದೆ. ಆ ಲಾಗಿನ್‌ನಲ್ಲಿ ಯಾರು ಕಮಿಟ್ ಮಾಡಿದರೂ ಅದೇ ಹೆಸರು ಬೀಳುತ್ತೆ.

ಆದರೆ ಅವಳು ಗಿಟ್‌ಹಬ್‌ಗೆ ತನ್ನ ಅಕೌಂಟಿನಿಂದಲೇ ಪುಶ್ ಮಾಡ್ತಿದ್ದಳಲ್ಲ, ಅಂತೀರಿ. ಅದು ಬೇರೆ, ಇದು ಬೇರೆ. ಪತ್ರದ ಮೇಲೆ ‘ಇಂದ’ ಅಂತ ಯಾರ ಹೆಸರನ್ನಾದರೂ ಬರೀಬಹುದು, ಅಂಚೆ ಡಬ್ಬಿ ಕೇಳೋದಿಲ್ಲ. ಕಮಿಟ್‌ನ ಹೆಸರೂ ಹಾಗೇ, ಗಿಟ್ ಅದನ್ನ ಪರೀಕ್ಷಿಸೋದೇ ಇಲ್ಲ. ಟೋಕನ್ನೋ ಎಸ್‌ಎಸ್‌ಎಚ್ ಕೀಯೋ ಬೇಕಾಗೋದು ಪುಶ್ ಮಾಡುವಾಗ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದದ್ದು ಲಿನಕ್ಸ್ ಕರ್ನಲ್ ಕೆಲಸಕ್ಕೆ. ಅಲ್ಲಿ ಒಬ್ಬರು ಈಮೇಲಿನಲ್ಲಿ ಕಳಿಸಿದ ಪ್ಯಾಚನ್ನು ಇನ್ನೊಬ್ಬರು ಸೇರಿಸುತ್ತಾರೆ. ಅದಕ್ಕೇ ಪ್ರತಿ ಕಮಿಟ್‌ನಲ್ಲೂ ಆಥರ್, ಕಮಿಟರ್ ಅಂತ ಎರಡು ಹೆಸರಿಗೆ ಜಾಗ. ಒಂದೇ ಲ್ಯಾಪ್‌ಟಾಪಿನ ಅಣ್ಣ-ತಂಗಿ ಅವರ ಲೆಕ್ಕದಲ್ಲಿ ಇರಲಿಕ್ಕಿಲ್ಲ ಬಿಡಿ.

“ಹಿಸ್ಟರಿ ತಿದ್ದಿಬಿಡೋಣು, ಹತ್ತು ನಿಮಿಷದ ಕೆಲಸ” ಅಂದೆ. ಹೆಸರು ಬದಲಿಸಿದರೆ ಆ ಕಮಿಟ್‌ನ ಹ್ಯಾಶ್ ಬದಲಾಗುತ್ತೆ, ಅದರ ಮುಂದಿನ ಎಲ್ಲದರದ್ದೂ. ಆಮೇಲೆ ಫೋರ್ಸ್ ಪುಶ್. ತಂಗಿ ಒಪ್ಪಲಿಲ್ಲ. “ಸರ್ ನೋಡ್ಯಾರ. ಈಗ ತಿದ್ದಿದ್ರ ಖರೇನ ಕಳ್ಳಿ ಆಗ್ತೀನಿ.”

ನನಗೆ ಹೊಳೆಯದ ಮಾತು ಅದು. ಮರುದಿನ ಗೈಡ್ ಎದುರು ಕೂತು, ಅವರು ಕೇಳಿದ ಫೈಲನ್ನೆಲ್ಲ ಸಾಲುಸಾಲಾಗಿ ವಿವರಿಸಿದಳಂತೆ. ರಿಪೋದಲ್ಲಿ ಮೇಲ್‌ಮ್ಯಾಪ್ ಅನ್ನೋ ಫೈಲ್ ಸೇರಿಸಿ, ನನ್ನ ಈಮೇಲ್ ಇದ್ದದ್ದೆಲ್ಲ ತನ್ನದು ಅಂತ ಒಂದು ಸಾಲು ಬರೆದಳು. ಹಿಸ್ಟರಿ ಇದ್ದಂಗೇ ಇರುತ್ತೆ, ಗಿಟ್ ಲಾಗ್‌ನಲ್ಲಿ ಮಾತ್ರ ಸರಿಯಾದ ಹೆಸರು ಕಾಣುತ್ತೆ. ಸರ್ ತಲೆ ಆಡಿಸಿದರಂತೆ, ಆದರೆ ವೈವಾದಲ್ಲಿ ಮತ್ತ ಕೇಳ್ತೀನಿ ಅಂದಾರ.

ಆ ಶನಿವಾರ ಒಂದು ಡಬ್ಬಿ ಕುಂದಾ ಹಿಡಿದು ಊರಿಗೆ ಹೋದೆ. ಮೊದಲು ಮಾಡಿದ್ದು ವಿಂಡೋಸ್‌ನಲ್ಲಿ ಇಬ್ಬರಿಗೂ ಬೇರೆ ಬೇರೆ ಯೂಸರ್. ಗಿಟ್ ಸೆಟ್ಟಿಂಗ್, ಕೀ, ನೆನಪಿಟ್ಟ ಪಾಸ್‌ವರ್ಡ್ ಎಲ್ಲಾ ತಾನಾಗೇ ಬೇರೆಯಾಗುತ್ತೆ. ಒಂದೇ ಲಾಗಿನ್ ಇರಲೇಬೇಕು ಅನ್ನೋರು ಗ್ಲೋಬಲ್ ಹೆಸರು, ಈಮೇಲ್ ತೆಗೆದು ‘ಯೂಸ್‌ಕಾನ್ಫಿಗ್‌ಓನ್ಲಿ’ ಅನ್ನೋ ಸೆಟ್ಟಿಂಗನ್ನು ಟ್ರೂ ಮಾಡಿ. ಆಗ ಆ ಪ್ರಾಜೆಕ್ಟಿಗೆ ಅಂತ ಹೆಸರು ಕೊಡೋವರೆಗೂ ಗಿಟ್ ಕಮಿಟ್ ಮಾಡಕ್ಕೇ ಬಿಡಲ್ಲ. ಫೋಲ್ಡರ್ ನೋಡಿ ಹೆಸರು ಆರಿಸೋ ‘ಇನ್‌ಕ್ಲೂಡ್‌ಇಫ್’ ಕೂಡ 2017ರ 2.13 ಆವೃತ್ತಿಯಿಂದ ಇದೆ. ನಾನೇ ಅದನ್ನ ಇಷ್ಟು ದಿನ ಬಳಸಿರಲಿಲ್ಲ.

ರಾತ್ರಿ ತಂಗಿ ತನ್ನ ಲಾಗಿನ್‌ನಿಂದ ಒಂದು ಕಮಿಟ್ ಮಾಡಿ ಲಾಗ್ ತೋರಿಸಿದಳು. ಪಾಸ್‌ವರ್ಡ್ ಏನಿಟ್ಟೀ ಅಂತ ಕೇಳಿದೆ. ಹೇಳಲಿಲ್ಲ.