ಹೊಸ ಔಷಧದ ಕಾಗದಕ್ಕೆ ಸಹಿ ಯಾರದು?

ಕ್ಯಾನ್ಸರ್ ಬಂದವರಿಗೆ ಅದು ಬಂದಿದೆ ಎಂದು ಹೇಳದೆ ಇರುವುದು ನಮ್ಮ ಹಿಂದೂಪುರ, ಕಲ್ಯಾಣದುರ್ಗದ ಕಡೆ ಒಂದು ಮರ್ಯಾದೆ ಎನಿಸಿಕೊಂಡುಬಿಟ್ಟಿದೆ. ಮಕ್ಕಳಿಗೆ ಗೊತ್ತು, ಅಳಿಯಂದಿರಿಗೆ ಗೊತ್ತು, ಔಷಧದ ಅಂಗಡಿಯವನಿಗೂ ಗೊತ್ತು. ಗೊತ್ತಿಲ್ಲದವನು ಮಂಚದ ಮೇಲೆ ಮಲಗಿದವನು ಒಬ್ಬನೇ. ಅವನ ಎದುರಿಗೆ ಎಲ್ಲರೂ "ಏಂ ಕಾದುಲೇ" ಎನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ, ಇಲ್ಲ ಎನ್ನಲಾರೆ. ಆದರೆ ಈ ಮುಚ್ಚುಮರೆಯಿಂದ ರೋಗಿಗೆ ಸಿಗಬಹುದಾಗಿದ್ದ ಒಂದು ಅವಕಾಶ ಕೈತಪ್ಪಿ ಹೋಗುತ್ತಿದೆ. ಆ ವಿಚಾರವಾಗಿಯೇ ಈ ನಾಲ್ಕು ಮಾತು.

ಶ್ವಾಸಕೋಶದ ಕ್ಯಾನ್ಸರ್, ತೆಲುಗಿನಲ್ಲಿ ಹೇಳಬೇಕೆಂದರೆ ಊಪಿರಿತಿತ್ತುಲ ಕ್ಯಾನ್ಸರ್, ನಮ್ಮಲ್ಲಿ ಗೊತ್ತಾಗುವುದೇ ತಡವಾಗಿ. ಕೆಮ್ಮು, ಕಫದಲ್ಲಿ ರಕ್ತ, ಮೈ ಇಳಿಯುವುದು ಎಂದರೆ ಮೊದಲು ನೆನಪಾಗುವುದು ಟಿ.ಬಿ. ಎಕ್ಸ್‌ರೇಯಲ್ಲಿ ಕಲೆ ಕಂಡರೆ ಸಾಕು, ಕಫದಲ್ಲಿ ಟಿ.ಬಿ. ಹುಳ ಸಿಗದಿದ್ದರೂ ತಿಂಗಳುಗಟ್ಟಲೆ ಅದರ ಮಾತ್ರೆ ನುಂಗಿಸಿ, ಗುಣ ಕಾಣದಿದ್ದಾಗ ಬೆಂಗಳೂರಿನ ದಾರಿ ಹಿಡಿಸುತ್ತಾರೆ. ಅಷ್ಟರಲ್ಲಿ ಕಾಯಿಲೆ ಮೂಳೆಗೋ ಮಿದುಳಿಗೋ ಹರಡಿ, ಆಪರೇಷನ್ ಮಾಡಿ ತೆಗೆಯುವ ಕಾಲ ಮುಗಿದಿರುತ್ತದೆ. ಬೀಡಿ ಸೇದಿದವರಿಗೆ ಮಾತ್ರ ಬರುತ್ತೆ ಅನ್ನೋದೂ ಪೂರ್ತಿ ನಿಜ ಅಲ್ಲ. ಬೀಡಿ ಮುಟ್ಟದ ಹೆಂಗಸರಿಗೂ ಬರುತ್ತದೆ.

ಇಂಥ ಹಂತದಲ್ಲಿ ದೊಡ್ಡ ಆಸ್ಪತ್ರೆಯ ವೈದ್ಯರು ಕೆಲವು ಸಲ ಒಂದು ಮಾತು ಕೇಳುತ್ತಾರೆ: "ಒಂದು ಹೊಸ ಔಷಧದ ಪರೀಕ್ಷೆ ನಡೀತಾ ಇದೆ, ಸೇರ್ತೀರಾ?" ಇದನ್ನೇ ಕ್ಲಿನಿಕಲ್ ಟ್ರಯಲ್ ಎನ್ನುವುದು. ಈ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮವರಲ್ಲಿ ಅರ್ಧ ಜನ "ನಮ್ಮನ್ನೇನು ಇಲಿ ಅಂದ್ಕೊಂಡ್ರಾ" ಎಂದು ಎದ್ದು ಬರುತ್ತಾರೆ. ಉಳಿದ ಅರ್ಧ ಜನ ಪುಕ್ಕಟೆ ಔಷಧ ಎಂದು ಓದದೆ ಸಹಿ ಹಾಕುತ್ತಾರೆ. ಎರಡೂ ವ್ಯಾಪಾರಸ್ಥರ ಲಕ್ಷಣವಲ್ಲ.

ಟ್ರಯಲ್‌ನಿಂದ ಏನು ಬಂತು ಎಂಬುದಕ್ಕೆ ನಮ್ಮ ದೇಶದ್ದೇ ಒಂದು ನಿದರ್ಶನ ಇದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 2016ರಿಂದ 2018ರವರೆಗೆ, ಮುಂದುವರಿದ ಶ್ವಾಸಕೋಶ ಕ್ಯಾನ್ಸರಿನ 350 ರೋಗಿಗಳನ್ನು ಸೇರಿಸಿಕೊಂಡರು. ಎಲ್ಲರ ಗಡ್ಡೆಯಲ್ಲೂ ಇ.ಜಿ.ಎಫ್.ಆರ್. ಎಂಬ ಜೀನಿನ ದೋಷ ಇತ್ತು. ಅರ್ಧ ಜನಕ್ಕೆ ಜೆಫಿಟಿನಿಬ್ ಮಾತ್ರೆ ಒಂದೇ, ಅರ್ಧ ಜನಕ್ಕೆ ಮಾತ್ರೆಯ ಜೊತೆ ಕೀಮೋ. ಮಾತ್ರೆ ಒಂದೇ ತೆಗೆದುಕೊಂಡವರಲ್ಲಿ ಕಾಯಿಲೆ ಸುಮಾರು 8 ತಿಂಗಳು ಹತೋಟಿಯಲ್ಲಿತ್ತು, ಎರಡೂ ತೆಗೆದುಕೊಂಡವರಲ್ಲಿ 16 ತಿಂಗಳು. ಆದರೆ ತೀವ್ರ ಅಡ್ಡಪರಿಣಾಮ ಕಂಡವರು ಮೊದಲ ಗುಂಪಿನಲ್ಲಿ ನೂರಕ್ಕೆ 25, ಎರಡನೆಯದರಲ್ಲಿ ನೂರಕ್ಕೆ 50. ಲಾಭವೂ ಇಮ್ಮಡಿ, ತೊಂದರೆಯೂ ಇಮ್ಮಡಿ. ಇದು ಒಳ್ಳೆಯ ವ್ಯಾಪಾರವೋ ಅಲ್ಲವೋ ಎಂದು ಹೇಳಬೇಕಾದವರು ಯಾರು? ಮೈ ಯಾರದೋ ಅವರು.

ಆ ಜೆಫಿಟಿನಿಬ್ ಮಾತ್ರೆಯ ಕಥೆಯೂ ಕೇಳುವಂಥದ್ದೇ. ಅಮೆರಿಕದಲ್ಲಿ 2003ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಆಮೇಲೆ 1,692 ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಒಟ್ಟಾರೆ ಆಯುಷ್ಯ ಹೆಚ್ಚಾದದ್ದು ಸಾಬೀತಾಗಲಿಲ್ಲ. 2005ರಲ್ಲಿ ಅಲ್ಲಿನ ಸರ್ಕಾರ ಅದರ ಬಳಕೆಗೆ ಕಡಿವಾಣ ಹಾಕಿತು. ಮಾತ್ರೆ ಮೂಲೆಗೆ ಬಿತ್ತು ಎಂದುಕೊಂಡಿರುವಾಗ, 2009ರಲ್ಲಿ ಏಷ್ಯಾದ ರೋಗಿಗಳ ಮೇಲೆ ನಡೆದ ಇನ್ನೊಂದು ಪರೀಕ್ಷೆ ಆ ಜೀನಿನ ದೋಷ ಇರುವವರಿಗೆ ಮಾತ್ರ ಅದು ಕೆಲಸ ಮಾಡುತ್ತದೆಂದು ತೋರಿಸಿಕೊಟ್ಟಿತು. 2015ರಲ್ಲಿ ಅಮೆರಿಕ ಅವರಿಗಾಗಿ ಮತ್ತೆ ಅನುಮತಿ ಕೊಟ್ಟಿತು. ಮೊದಲ ಪರೀಕ್ಷೆಯ ರೋಗಿಗಳೂ ಎರಡನೆಯದರ ರೋಗಿಗಳೂ ಒಪ್ಪದೆ ಹೋಗಿದ್ದರೆ ಈ ವಿಷಯ ಯಾರಿಗೂ ತಿಳಿಯುತ್ತಿರಲಿಲ್ಲ.

ಯಾರಿಗೆ ಯಾವ ಔಷಧ ಎಂಬುದನ್ನು ವೈದ್ಯರು ಆರಿಸುವುದಿಲ್ಲ. ಚೀಟಿ ಎತ್ತಿದ ಹಾಗೆ, ಕಂಪ್ಯೂಟರು ಹೇಳುತ್ತದೆ. ಹೊಸದು ಸಿಗದವರಿಗೆ ಬರೀ ಸಕ್ಕರೆ ಮಾತ್ರೆ ಕೊಟ್ಟು ಕೂರಿಸುತ್ತಾರೆಂಬ ಭಯ ಬೇಡ. ಕ್ಯಾನ್ಸರ್ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಈಗ ಚಾಲ್ತಿಯಲ್ಲಿರುವ ಚಿಕಿತ್ಸೆಯನ್ನೇ ಅವರಿಗೆ ಕೊಡುತ್ತಾರೆ. ಆದರೂ ಕೇಳಿ ತಿಳಿಯಬೇಕು. ಮತ್ತೆ, ರೋಗಿ ಎದ್ದು ಓಡಾಡುವಷ್ಟು ಶಕ್ತಿ ಉಳಿದಿರಬೇಕೆಂದು ಬಹಳಷ್ಟು ಟ್ರಯಲ್‌ಗಳಲ್ಲಿ ಷರತ್ತು ಇರುತ್ತದೆ. ಟಿ.ಬಿ. ಎಂದು ಕಾಲ ಕಳೆದವರಿಗೆ ಅಲ್ಲೇ ಅವಕಾಶ ತಪ್ಪುತ್ತದೆ.

ಈಗ ಸಹಿಯ ವಿಚಾರಕ್ಕೆ ಬರೋಣ. 2019ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಒಪ್ಪಿಗೆ ಪತ್ರಕ್ಕೆ ರೋಗಿಯದ್ದೇ ಸಹಿ ಬೇಕು. ಕಾಯಿಲೆ ಏನು, ಔಷಧ ಏನು, ತೊಂದರೆ ಏನು ಬರಬಹುದು ಎಂದು ತಿಳಿದ ಮೇಲೆ ಹಾಕಿದ ಸಹಿ. ಓದಲು ಬಾರದವರಾದರೆ, ಟ್ರಯಲ್‌ಗೆ ಸಂಬಂಧಪಡದ ಒಬ್ಬ ಸಾಕ್ಷಿ ಕೂತು ಕೇಳಿಸಿಕೊಳ್ಳಬೇಕು. ಮಕ್ಕಳು, ಪ್ರಜ್ಞೆ ಇಲ್ಲದವರು ಇಂಥವರ ಪರವಾಗಿ ಮಾತ್ರ ಬೇರೆಯವರು ಸಹಿ ಹಾಕಬಹುದು. ಸ್ವಸ್ಥ ಮನಸ್ಸಿನ ತಂದೆಯ ಪರವಾಗಿ ಮಗ ಹಾಕುವಂತಿಲ್ಲ. ಅಂದರೆ ರೋಗಿಗೆ ಕಾಯಿಲೆ ತಿಳಿಸದ ಮನೆಗೆ ಟ್ರಯಲ್ ಇಲ್ಲ, ಅಷ್ಟೇ.

ನನ್ನ ಸೋದರಮಾವ ಕಲ್ಯಾಣದುರ್ಗದ ಆಚೆ ಒಂದು ಹಳ್ಳಿಯವರು, ಮಳೆ ನಂಬಿ ಕಡ್ಲೆಕಾಯಿ ಬೆಳೆದವರು. ಬ್ಯಾಂಕಿನ ಸಾಲದ ಕಾಗದವನ್ನೂ ಎರಡು ಸಲ ಓದಿಸಿಕೊಳ್ಳದೆ ಸಹಿ ಹಾಕದ ಮನುಷ್ಯ. ಅವರಿಗೆ ಈ ಕಾಯಿಲೆ ಬಂದಾಗ ಬೆಂಗಳೂರಿನ ಒಂದು ಆಸ್ಪತ್ರೆಗೆ ಅವರ ಇಬ್ಬರು ಮಕ್ಕಳ ಜೊತೆ ನಾನೂ ಹೋಗಿದ್ದೆ. ಟ್ರಯಲ್ ಇದೆ ಎಂದು ವೈದ್ಯರು ಹೇಳಿದರು. ದೊಡ್ಡ ಮಗ ಕೈ ಮುಗಿದು "ಮಾ ನಾಯನಕು ಚೆಪ್ಪೊದ್ದು ಸಾರ್, ಸಹಿ ನಾನು ಹಾಕ್ತೀನಿ" ಅಂದ. ಹಾಗೆ ಆಗುವುದಿಲ್ಲ ಎಂದರು ವೈದ್ಯರು. ಹೇಳೋಣ ಕಣಪ್ಪಾ ಎಂದು ನಾನೂ ಅಂದೆ. ಮಕ್ಕಳು ಒಪ್ಪಲಿಲ್ಲ, ಊರಿಗೆ ಕರೆದುಕೊಂಡು ಹೋದರು. ತಿಂಗಳ ಮೇಲೆ ಮಾತಾಡಿಸಲು ಹೋದಾಗ ಮಾವ ಕೆಮ್ಮುತ್ತಲೇ ಹೇಳಿದರು: "ನಂಗೆ ಗೊತ್ತಿಲ್ವೇನೋ ಇದು ಏನು ಕಾಯಿಲೆ ಅಂತ? ಮಳೆ ಬರುತ್ತೋ ಇಲ್ವೋ ಅಂತ ಗೊತ್ತಿಲ್ದೇನೇ ನಲವತ್ತು ವರ್ಷ ಬಿತ್ತಿದೀನಿ. ಇದನ್ನೂ ನನ್ನ ಒಂದು ಮಾತು ಕೇಳಬೇಕಿತ್ತು." ಟ್ರಯಲ್ ಸೇರಿದ್ದರೆ ಉಳಿಯುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ಕೇಳಬೇಕಿತ್ತು ಎಂಬುದಷ್ಟೇ ನನ್ನ ತಕರಾರು.

ಬೇರೆಯವರು ಸಹಿ ಹಾಕಿದರೆ ಏನಾಗುತ್ತದೆ ಎಂಬುದನ್ನು ಆಂಧ್ರದವರಾದ ನಾವು ಮರೆಯುವಂತಿಲ್ಲ. 2009ರಲ್ಲಿ ಆಗ ನಮ್ಮದೇ ರಾಜ್ಯದಲ್ಲಿದ್ದ ಖಮ್ಮಂ ಜಿಲ್ಲೆಯ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ನಡೆಯಿತು. ಆಮೇಲೆ ತನಿಖೆಯಲ್ಲಿ 9,543 ಒಪ್ಪಿಗೆ ಪತ್ರಗಳನ್ನು ನೋಡಿದಾಗ 2,763ರಲ್ಲಿ ಹಾಸ್ಟೆಲ್ ವಾರ್ಡನ್ನರ ಸಹಿ, 1,948ರಲ್ಲಿ ಹೆಬ್ಬೆಟ್ಟು. ಕೆಲವು ಮಕ್ಕಳ ಸಾವಿನ ಸುದ್ದಿ ಎದ್ದು 2010ರ ಏಪ್ರಿಲ್‌ನಲ್ಲಿ ಅಧ್ಯಯನ ನಿಂತಿತು. ಸಾವಿಗೂ ಲಸಿಕೆಗೂ ಸಂಬಂಧ ಇಲ್ಲವೆಂದು ತನಿಖೆ ಹೇಳಿತು. ಇರಬಹುದು. ಆದರೆ ಒಪ್ಪಿಗೆ ಪಡೆದ ರೀತಿಯನ್ನು ಸಂಸದೀಯ ಸಮಿತಿ 2013ರಲ್ಲಿ ಕಟುವಾಗಿ ಟೀಕಿಸಿತು. ಒಳ್ಳೆಯ ಲಸಿಕೆಯ ಹೆಸರೂ ಕೆಟ್ಟಿತು.

ನಷ್ಟ ಆದರೆ ಏನು ಗತಿ ಎಂದು ವ್ಯಾಪಾರದವರು ಮೊದಲು ಕೇಳುತ್ತೀರಿ, ಕೇಳಲೇಬೇಕು. ಔಷಧದಿಂದ ತೊಂದರೆಯಾದರೆ ಚಿಕಿತ್ಸೆ ಪುಕ್ಕಟೆ. ಔಷಧದಿಂದಲೇ ಸಾವು ಎಂದು ತೀರ್ಮಾನವಾದರೆ ಪರಿಹಾರದ ಲೆಕ್ಕ 8 ಲಕ್ಷ ರೂಪಾಯಿಯ ಮೂಲದಿಂದ ಶುರುವಾಗುತ್ತದೆ, ವಯಸ್ಸು ಕಡಿಮೆಯಿದ್ದಷ್ಟೂ ಏರುತ್ತದೆ. ಆದರೆ ಆರು ತಿಂಗಳಿಗಿಂತ ಹೆಚ್ಚು ಬದುಕುವ ನಿರೀಕ್ಷೆ ಇಲ್ಲದ ರೋಗಿಯಾದರೆ ಅರ್ಧ. 65 ದಾಟಿದ ಅಂಥವರಿಗೆ 4 ಲಕ್ಷ. ಕಾಯಿಲೆಯಿಂದಲೇ ಸತ್ತರೆ ಇಲ್ಲ. ಸಾಯುವವನ ಬೆಲೆ ಅರ್ಧ ಎಂಬ ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ, ಆದರೂ ಗೊತ್ತಿರಲಿ. ಬೇಡ ಎನಿಸಿದ ದಿನ ಕಾರಣ ಹೇಳದೆ ಹೊರಗೆ ಬರಬಹುದು. ಅದಕ್ಕಾಗಿ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. 2009ರಿಂದ ಇಂಥ ಪ್ರತಿ ಟ್ರಯಲ್ಲೂ ಸಿ.ಟಿ.ಆರ್.ಐ. ಎಂಬ ಸರ್ಕಾರಿ ನೋಂದಣಿಯಲ್ಲಿ ದಾಖಲಾಗಬೇಕು. ಓದಿದ ಮಕ್ಕಳು ಫೋನಿನಲ್ಲೇ ನೋಡಿ ಹೇಳಬಲ್ಲರು.

ಭಾಷೆಯ ತೊಡಕು ನಮ್ಮ ಗಡಿಯವರದ್ದೇ ವಿಶೇಷ. ಮಡಕಶಿರಾ, ರೊಳ್ಳ, ಅಗಳಿ ಕಡೆಯ ಎಷ್ಟೋ ಜನ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಬೆಂಗಳೂರಿನ ಆಸ್ಪತ್ರೆಯಲ್ಲಿ ಅವರ ಮಾತು ಕೇಳಿ ಕನ್ನಡದ ಪತ್ರ ಕೊಡುತ್ತಾರೆ. ಅಕ್ಷರ ಬಾರದು ಎಂದು ಹೇಳಲು ಇವರಿಗೆ ಸಂಕೋಚ. ಇನ್ನು ಆ ಕನ್ನಡವೋ! ನಾನು ಕಂಡ ಪತ್ರದಲ್ಲಿ "ಯಾದೃಚ್ಛಿಕ ಹಂಚಿಕೆ", "ಅರ್ಬುದ" ಎಂದಿತ್ತು. ಬಿ.ಎ. ಮಾಡಿದವರಿಗೇ ಆಗದು. ರೋಗಿಗೆ ಅರ್ಥವಾಗುವ ಸರಳ ಭಾಷೆಯಲ್ಲಿರಬೇಕು ಎಂದು ನಿಯಮವೇ ಹೇಳುತ್ತದೆ. "ಮಾತಾಡೋದು ಯಾವ ಭಾಷೆ, ಓದೋದು ಯಾವ ಭಾಷೆ" ಎಂದು ಎರಡು ಪ್ರಶ್ನೆ ಬೇರೆಬೇರೆಯಾಗಿ ಕೇಳಲು ಆಸ್ಪತ್ರೆಗಳಿಗೆ ಏನು ಕಷ್ಟ?

ದಾರಿಯ ಖರ್ಚೂ ಇದೆ. ಜಿಲ್ಲೆ ಒಡೆದು 2022ರಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಕ್ಯಾನ್ಸರ್ ಬಂದರೆ ಎರಡೂ ಕಡೆಯವರು ಹಿಡಿಯುವುದು ಬೆಂಗಳೂರಿನ ದಾರಿಯನ್ನೇ. ಹಿಂದೂಪುರದವರಿಗೆ ನೂರು ಕಿಲೋಮೀಟರ್ ಆಸುಪಾಸು, ರೈಲಿದೆ. ಕಲ್ಯಾಣದುರ್ಗದವರಿಗೆ ಹತ್ತಿರ ಹತ್ತಿರ ಅದರ ಇಮ್ಮಡಿ. ಮೂರು ವಾರಕ್ಕೊಮ್ಮೆ ಹೋಗಬೇಕೆಂದರೆ ರೋಗಿ ಒಬ್ಬ, ಜೊತೆಗೆ ಒಬ್ಬ, ಇಬ್ಬರ ಕೂಲಿಯೂ ಹೋಯಿತು. ಪ್ರಯಾಣದ ಖರ್ಚು, ಕಳೆದುಹೋದ ಕೂಲಿ ಕೊಡಬಹುದೆಂದು ಐ.ಸಿ.ಎಂ.ಆರ್.ನ 2017ರ ಮಾರ್ಗಸೂಚಿ ಹೇಳುತ್ತದೆ. "ಕೊಡಬಹುದು" ಅಲ್ಲ, "ಕೊಡಬೇಕು" ಎಂದಾಗಬೇಕು. ಒಪ್ಪಿಗೆ ಪತ್ರವನ್ನು ಅಲ್ಲೇ ಕೂರಿಸಿ ಸಹಿ ಮಾಡಿಸದೆ, ತೆಲುಗಿನದೊಂದು ಕನ್ನಡದ್ದೊಂದು ಪ್ರತಿ ಕೊಟ್ಟು ಊರಿಗೆ ಕಳಿಸಬೇಕು. ಮುಂದಿನ ಸಲ ಬರುವಾಗ ರೋಗಿ ಹೂಂ ಎನ್ನಲಿ, ಊಹೂಂ ಎನ್ನಲಿ, ಅವನೇ ಹೇಳಲಿ.