ರಾಜನನ್ನು ನೋಡಿ ನಗುವುದು ಯಾವಾಗ?



ಟಿ.ವಿ.ಯಲ್ಲಿ ನಗಿಸುವವರಿಗೆ ಈಗ ಬರಗಾಲವಿಲ್ಲ. 2016ರಲ್ಲಿ ಜೀ ಕನ್ನಡದಲ್ಲಿ ‘ಕಾಮಿಡಿ ಕಿಲಾಡಿಗಳು’ ಶುರುವಾದ ಮೇಲೆ ಹಳ್ಳಿಗಾಡಿನ ಎಷ್ಟೋ ಬಡ ಹುಡುಗ ಹುಡುಗಿಯರು ವೇದಿಕೆ ಹತ್ತಿದರು. ಅದಕ್ಕೆ ನಮ್ಮ ತಕರಾರಿಲ್ಲ. ದುಡಿದು ಬಂದವರು ರಾತ್ರಿ ಊಟದ ಹೊತ್ತಿಗೆ ನಾಲ್ಕು ನಗು ನಕ್ಕರೆ ತಪ್ಪೇನು? ನಾವೂ ನಗುತ್ತೇವೆ.

ಆದರೆ ಯಾರನ್ನು ನೋಡಿ ನಗುತ್ತಿದ್ದೇವೆ? ಇಂಥ ಶೋಗಳಲ್ಲಿ ಪೌರಾಣಿಕ ನಾಟಕದ ಅಣಕ ಬಂದಾಗ ಸ್ವಲ್ಪ ಗಮನ ಇಟ್ಟು ಕಾಣಿ. ದುರ್ಯೋಧನ ಕುಡಿದು ಬರುತ್ತಾನೆ, ಮಾತು ಮರೆಯುತ್ತಾನೆ, ಪರದೆ ಕಳಚಿ ತಲೆ ಮೇಲೆ ಬೀಳುತ್ತದೆ. ಜನ ಬಿದ್ದು ಬಿದ್ದು ನಗುತ್ತಾರೆ. ನಕ್ಕದ್ದು ದುರ್ಯೋಧನನನ್ನು ನೋಡಿ ಅಲ್ಲ ಮಾರಾಯ್ರೆ. ಹಗಲು ಗದ್ದೆ ಕೆಲಸ ಮಾಡಿ ರಾತ್ರಿ ಬಣ್ಣ ಹಚ್ಚಿದ ಆ ಬಡ ನಟನನ್ನು ನೋಡಿ. ರಾಜನ ಕಿರೀಟಕ್ಕೆ ಒಂದು ಗೀರೂ ಬೀಳುವುದಿಲ್ಲ. ಕಪ್ಪು ಮೈ, ಮನೆಗೆಲಸದ ಹೆಂಗಸು, ಕುಡುಕ, ನಮ್ಮ ಕುಂದಾಪ್ರದ ಮಾತು, ಇವೆಲ್ಲ ನಗೆಗೆ ಸರಕು. ಸಿಂಹಾಸನ ಮಾತ್ರ ಸರಕಲ್ಲ.

ನಮ್ಮ ಹುಡುಗನೊಬ್ಬ ಮೊಬೈಲಿನಲ್ಲಿ ಇಂಗ್ಲೆಂಡಿನ ಒಂದು ಸರಣಿ ತೋರಿಸಿದ. ‘ಹಾರಿಬಲ್ ಹಿಸ್ಟರೀಸ್’ ಅಂತ ಹೆಸರು, ಭಯಂಕರ ಚರಿತ್ರೆಗಳು ಅನ್ನಿ. ಟೆರಿ ಡಿಯರಿ ಎಂಬ ಲೇಖಕ 1993ರಿಂದ ಬರೆದ ಮಕ್ಕಳ ಪುಸ್ತಕಗಳನ್ನು ಹಿಡಿದು 2009ರಲ್ಲಿ ಬಿಬಿಸಿಯ ಮಕ್ಕಳ ಚಾನೆಲ್ ಇದನ್ನು ಶುರು ಮಾಡಿತು. ಅಲ್ಲಿ ಕತೆ ಹೇಳುವುದು ಒಂದು ಚರಂಡಿ ಇಲಿ. ಮೆರೆದ ರಾಜರು, ತಲೆ ಕಡಿಸಿದ ರಾಜರು, ದಡ್ಡತನದಿಂದ ಸತ್ತ ದೊಡ್ಡವರು ಎಲ್ಲರೂ ಆ ಇಲಿಯ ಬಾಯಿಗೆ ಬೀಳುತ್ತಾರೆ. ಇಲಿಯ ಸಂಗಡ ಮಕ್ಕಳೂ ನಗುತ್ತಾರೆ. ಶಾಲೆಯಲ್ಲಿ ನಾವು ರಾಜರ ಇಸವಿ ಉರು ಹೊಡೆದು ಪೆಟ್ಟು ತಿಂದವರು. ಚರಂಡಿಯಿಂದ ಕತ್ತೆತ್ತಿ ನೋಡಿದರೆ ಅರಮನೆ ಹೀಗೂ ಕಾಣುತ್ತದೆ ಅಂತ ನಮಗೆ ಯಾರು ಹೇಳಿಕೊಟ್ಟರು?

ಅದರಲ್ಲೊಂದು ಹಾಡಿದೆ. ವಿಕ್ಟೋರಿಯಾ ರಾಣಿ ಅಪ್ಪಟ ಬ್ರಿಟಿಷ್ ವಸ್ತುಗಳೇ ಬೇಕು ಎನ್ನುತ್ತಾಳೆ. ಚಾಕರಿಯವನು ಒಂದೊಂದಾಗಿ ಬಯಲು ಮಾಡುತ್ತಾನೆ. ಚಹಾ ಇಂಡಿಯಾದ್ದು, ಸಕ್ಕರೆ ಗುಲಾಮರ ಬೆವರಿನದು, ಹೀಗೆ. 2020ರ ಜನವರಿ ಕೊನೆಗೆ ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟ ದಿನ ಬಿಬಿಸಿ ಅದನ್ನು ಮತ್ತೆ ಹಾಕಿದಾಗ ಅಲ್ಲಿನ ಕೆಲವು ದೊಡ್ಡ ಮನುಷ್ಯರು ಉರಿದುಬಿದ್ದರು. ಉರಿಯಲಿ. ನಗೆ ಮೇಲಕ್ಕೆ ಹೋದಾಗ ಮಾತ್ರ ಹೀಗೆ ಉರಿಯುತ್ತದೆ.

ಚಾಕರಿಯವನು ರಾಣಿಗೆ ಎದುರು ಹೇಳುವುದು ನಮಗೇನು ಹೊಸತಲ್ಲ. ಸಾಲಿಗ್ರಾಮದ ಹೆಸರು ಹೊತ್ತ ಯಕ್ಷಗಾನದ ಮೇಳ ನಾಡೆಲ್ಲ ತಿರುಗುತ್ತದೆ. ಆಟದಲ್ಲಿ ರಾಜನ ಎದುರು ನಿಂತು ಕೊಂಕು ಆಡುವ ಹಕ್ಕು ಇರುವುದು ಹಾಸ್ಯಗಾರನಿಗೆ. ದೂತನಾಗಿ ಬಂದರೂ ರಾಜನ ಕಾಲೆಳೆಯುತ್ತಾನೆ. ಆದರೆ ಬೆಳಗಾಗುವ ಹೊತ್ತಿಗೆ ಮಂಗಳ ಹಾಡಿಸಿಕೊಳ್ಳುವುದು ರಾಜನ ಪ್ರಸಂಗವೇ. ಕೊಂಕಿಗೆ ರಜೆ ಒಂದು ರಾತ್ರಿ, ಯಜಮಾನಿಕೆಗೆ ವರ್ಷವಿಡೀ ಹಬ್ಬ.

ಇನ್ನೊಂದು ಕಾಮಿಡಿಯೂ ನಮ್ಮ ಜಿಲ್ಲೆಯಲ್ಲಿತ್ತು. ಅದಕ್ಕೆ ಟಿ.ವಿ. ಬೇಕಿರಲಿಲ್ಲ. ಹಬ್ಬ ಬಂದರೆ ಮೈಗೆ ಮಸಿ ಬಳಿದುಕೊಂಡು ‘ಕೊರಗ ವೇಷ’ ಹಾಕಿ ಮನೆ ಮನೆಗೆ ಹೋಗಿ ಕುಣಿದು ಕಾಸು ಕೇಳುವುದು. ನಿಜವಾದ ಕೊರಗ ಅಂಗಳಕ್ಕೆ ಬಂದರೆ ಮೈಲಿಗೆ, ವೇಷದ ಕೊರಗ ಬಂದರೆ ತಮಾಷೆ! ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವ ಅಜಲು ಪದ್ಧತಿ ನಿಲ್ಲಿಸಲು 2000ದಲ್ಲಿ ಕಾನೂನೇ ತರಬೇಕಾಯಿತು. ಅಷ್ಟು ಹೊತ್ತಿಗೆ ಸ್ವಾತಂತ್ರ್ಯ ಬಂದು 53 ವರ್ಷ!

ಈಗ ನಿಜವಾದ ನಗೆಯ ಕತೆ ಕೇಳಿ. ಇದು ನಮ್ಮ ಕಟ್ಟುಕತೆಯಲ್ಲ, ಥರ್ಸ್ಟನ್ ಸಾಹೇಬ 1909ರಲ್ಲಿ ಅಚ್ಚು ಹಾಕಿಸಿದ ದಕ್ಷಿಣ ಭಾರತದ ಜಾತಿಗಳ ಪುಸ್ತಕದಲ್ಲಿ ಸೇರಿರುವ ಐತಿಹ್ಯ. ಹಬಾಶಿಕ ಎಂಬ ದೊರೆ ದಂಡು ಕಟ್ಟಿಕೊಂಡು ಬಂದ. ದಂಡಿನಲ್ಲಿ ಇದ್ದವರು ಯಾರು? ಮುಂಡಾಲರು, ಮೈಲರು, ಹೊಲೆಯರು, ಅಂಡೆ ಕೊರಗರು. ಅಂದರೆ ನಾವೇ ಸ್ವಾಮಿ! ಮೊದಲು ಬಂದದ್ದು ನಮ್ಮ ಪಕ್ಕದ ಬಾರ್ಕೂರಿಗೆ, ಅಲ್ಲಿಂದ ಮಂಗಳೂರಿಗೆ. ಅಲ್ಲಿ ದಂಡಿಗೆ ಸಿಡುಬು ಬಡಿಯಿತಂತೆ, ಇರುವೆ ಕಾಟ ಕೊಟ್ಟವಂತೆ. ಕೊನೆಗೆ ಮಂಜೇಶ್ವರದಲ್ಲಿ ರಾಜಧಾನಿ. ಹನ್ನೆರಡು ವರ್ಷ ಆಳ್ವಿಕೆ. ಸೋತು ಓಡಿದ ವೀರವರ್ಮ ಕತ್ತಿ ಹಿಡಿದು ತಿರುಗಿ ಬಂದನೋ? ಇಲ್ಲ. ಬನವಾಸಿಗೆ ಹೋಗಿ ಮಾಟ ಮಾಡಿಸಿದನಂತೆ! ದೊರೆ ಸತ್ತ, ದಂಡನ್ನು ಕಾಡಿಗೆ ಅಟ್ಟಿದರು, ಹಸಿವಿನಿಂದ ಕಂಗೆಟ್ಟವರು ‘ನಿಮ್ಮ ಆಳಾಗಿರುತ್ತೇವೆ’ ಎಂದು ಒಪ್ಪಿಕೊಂಡರಂತೆ.

ಇದು ನಡೆದದ್ದೋ ಇಲ್ಲವೋ ಎಂಬ ಜಗಳ ಪಂಡಿತರಿಗಿರಲಿ. ನಮಗೆ ಬೇಕಾದದ್ದು ಬೇರೆ. ನಾವು ಯಾಕೆ ಆಳುಗಳಾದೆವು ಎಂಬುದಕ್ಕೆ ಮೇಲಿನವರ ಬಾಯಲ್ಲಿ ಇದ್ದ ಸಮಜಾಯಿಷಿ ಇಷ್ಟೆ: ಇರುವೆ, ಸಿಡುಬು, ಮಾಟ. ಅದೇ ಪುಸ್ತಕದಲ್ಲಿ ಅಂಡೆ ಕೊರಗರು ದಾರಿಯಲ್ಲಿ ಉಗುಳಬಾರದೆಂದು ಕುತ್ತಿಗೆಗೆ ಮಡಕೆ ಕಟ್ಟಿಕೊಂಡು ನಡೆಯಬೇಕಿದ್ದ ವಿಷಯವೂ ಇದೆ. ಮಡಕೆ ಕಟ್ಟಿಕೊಂಡವನನ್ನು ನೋಡಿ ನೂರಾರು ವರ್ಷ ನಕ್ಕದ್ದಾಯಿತು. ಉಗುಳಿಗೆ ಹೆದರಿ ಮಡಕೆ ಕಟ್ಟಿಸಿದ ಆ ವೀರಾಧಿವೀರನ ಬಗ್ಗೆ ಐದು ನಿಮಿಷದ ಒಂದು ಸ್ಕಿಟ್ ಯಾಕಿಲ್ಲ?

ಚರಿತ್ರೆಯನ್ನು ನಗಿಸುವುದು ಹುಡುಗಾಟವಲ್ಲ, ಅದೂ ನಮಗೆ ಗೊತ್ತಿರಲಿ. ಅದೇ ಇಂಗ್ಲೆಂಡಿನ ಸರಣಿ, ಫ್ಲಾರೆನ್ಸ್ ನೈಟಿಂಗೇಲ್ ಬಣ್ಣ ನೋಡಿ ಮೇರಿ ಸೀಕೋಲ್‌ರನ್ನು ದೂರ ಇಟ್ಟಳು ಅನ್ನುವ ಅರ್ಥ ಬರುವಂತೆ ತೋರಿಸಿತು. ಅದು ಸರಿಯಾದ ಚರಿತ್ರೆಯಲ್ಲ ಎಂದು 2014ರಲ್ಲಿ ಬಿಬಿಸಿ ಟ್ರಸ್ಟ್ ತೀರ್ಪು ಕೊಟ್ಟಿತು. ಸೀಕೋಲ್ ನಮ್ಮ ಬಣ್ಣದವಳು, ಆದರೂ ತೀರ್ಪು ಸರಿ ಎಂದೇ ನಾವು ಹೇಳುತ್ತೇವೆ. ನಮ್ಮ ಕಡೆಯ ಸತ್ಯ ಬೇಕಾದಷ್ಟಿರುವಾಗ ಸುಳ್ಳಿನ ಸಾಲ ಎಂತಕ್ಕೆ?

ಇನ್ನು 2023ರ ಫೆಬ್ರವರಿಯ ಮಾತು. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರ ಹುಡುಗರು ಸ್ಕಿಟ್ ಆಡಿದರು. ಬಾಬಾಸಾಹೇಬರ ಹೆಸರನ್ನೇ ತಿರುಚಿ ನಗೆ, ಮೀಸಲಾತಿ ಮೇಲೆ ನಗೆ. ಪೊಲೀಸ್ ಕೇಸಾಯಿತು, ಬಂಧನವಾಯಿತು. ನಮ್ಮವರೇ ಕೆಲವರು ಆಗ ‘ನಗೆಯನ್ನೇ ಬ್ಯಾನ್ ಮಾಡಿ’ ಎಂದರು. ನಮಗೆ ಹಾಗೆ ಅನ್ನಿಸುವುದಿಲ್ಲ. ಆ ಹುಡುಗರಿಗೆ ಗೊತ್ತಿದ್ದ ನಗೆ ಒಂದೇ ದಿಕ್ಕಿನದು, ಕೆಳಗಿನದು. ಮನೆಯಲ್ಲಿ ಕಲಿತದ್ದು ಅದು, ಟಿ.ವಿ.ಯಲ್ಲಿ ಕಂಡದ್ದು ಅದು. ಅದೇ ಜೀ ಕನ್ನಡದಲ್ಲಿ 2020ರಲ್ಲಿ ಹಿಂದಿಯಿಂದ ಡಬ್ ಆಗಿ ‘ಮಹಾನಾಯಕ’ ಬಂದಾಗ ಹಳ್ಳಿ ಹಳ್ಳಿಯಲ್ಲಿ ನಮ್ಮ ಜನ ಬ್ಯಾನರ್ ಕಟ್ಟಿ ನೋಡಿದರು, ಅತ್ತರು. ಅಳುವ ಸರಣಿ ಒಂದು ಸಿಕ್ಕಿತು. ನಗುವ ಸರಣಿಗೆ ಯಾವ ಚಾನೆಲ್ಲೂ ಬಾಗಿಲು ತೆರೆಯಲಿಕ್ಕಿಲ್ಲ.

ಹಾಗಾಗಿ ನಾವೇ ಶುರು ಮಾಡಿದ್ದೇವೆ. ಹಬಾಶಿಕನ ಕತೆಯನ್ನು ಬೀದಿ ನಾಟಕ ಮಾಡಿ ಮೊಬೈಲಿನಲ್ಲೇ ಹಿಡಿಯುವುದು ಎಂದು ಕಳೆದ ಸಭೆಯಲ್ಲಿ ತೀರ್ಮಾನ ಆಯಿತು. ಕತೆ ಹೇಳಲು ಇಲಿ ಬೇಡ, ಕುತ್ತಿಗೆಯ ಮಡಕೆಯೇ ಮಾತಾಡಲಿ ಎಂದು ಒಬ್ಬ ಅಜ್ಜಿ ಸೂಚಿಸಿದರು. ಸಭೆ ಚಪ್ಪಾಳೆ ತಟ್ಟಿತು. ಡೋಲು ಬಡಿಯುವವರು ಇದ್ದಾರೆ. ಇರುವೆ ಪಾತ್ರಕ್ಕೆ ಕೇರಿಯ ಮಕ್ಕಳು ಈಗಾಗಲೇ ಹೆಚ್ಚಾಗಿದ್ದಾರೆ. ಮಾಟ ಮಾಡಿಸುವ ವೀರವರ್ಮನಾಗಲು ಮಾತ್ರ ಯಾರೂ ಒಪ್ಪುತ್ತಿಲ್ಲ. ಆಸಕ್ತರು ಮುಂದಿನ ಭಾನುವಾರದ ಸಭೆಗೆ ಬನ್ನಿ.